ಪಾದರಕ್ಷೆಯೊಳಗಿನ ಹರಳು

ಇಂಗ್ಲಿಷಿನಲ್ಲಿ ಒಬ್ಬ ವರ್ತಕನ, ನ್ಯಾಯಾಧೀಶನ ಅಥವಾ ಒಂದು ಸಂಸ್ಥೆಯ ಕೋಶಾಧಿಕಾರಿಯ ನಡತೆಯನ್ನು ಮೆಚ್ಚಿ ಬರೆಯುವಾಗ ‘ಸ್ಕ್ರೂಪ್ಯುಲಸ್’ ಎಂಬ ವಿಶೇಷಣವನ್ನು ಬಳಸುವುದು ರೂಢಿ. ಲೆಕ್ಕದಲ್ಲಿ ಕಾಸಿನಷ್ಟೂ ಹೆಚ್ಚುಕಡಿಮೆಯಾಗಗೊಡದವನು, ಕೊಟ್ಟ ಮಾತಿನ ಅಕ್ಷರಕ್ಕೂ ಆಶಯಕ್ಕೂ ಬದ್ಧನಾದವನು, ಯಾರೂ ನೋಡದಿರುವಾಗಲೂ ತಪ್ಪು ಮಾಡಲು ಮನಸ್ಸು ಒಪ್ಪದವನು ಎಂಬ ಅರ್ಥಗಳೆಲ್ಲ ಆ ಒಂದೇ ಪದದಲ್ಲಿ ಅಡಗಿವೆ. ಇದಕ್ಕೆ ಸರಿಸಮನಾದ ಕನ್ನಡ ಪದವನ್ನು ಹುಡುಕಹೊರಟಾಗ ಮಾತ್ರ ತೊಡಕು ಎದುರಾಗುತ್ತದೆ. ‘ಕಟ್ಟುನಿಟ್ಟು’ ಎಂದರೆ ಹೊರಗಿನ ಶಿಸ್ತಷ್ಟೇ ಸೂಚಿತವಾಗುತ್ತದೆ. ‘ಪ್ರಾಮಾಣಿಕ’ ಎಂದರೆ ಆ ಪದದ ಸೂಕ್ಷ್ಮತೆ ಜಾರಿಹೋಗುತ್ತದೆ. ‘ಶಂಕಾಳು’ ಎಂದರೆ ಹೊಗಳಿಕೆಯೇ ತೆಗಳಿಕೆಯಾಗುತ್ತದೆ. ತೀರ ಹತ್ತಿರಕ್ಕೆ ಬರುವ ಅಚ್ಚಗನ್ನಡದ ಮಾತೆಂದರೆ ‘ಅಳುಕು’. ಆದರೆ ಅಳುಕೂ ಇಬ್ಬಗೆಯದೇ. ‘ಅಳುಕಿಲ್ಲದೆ ಸುಳ್ಳು ಹೇಳಿದ’ ಎಂದರೆ ನಿಂದೆ, ‘ಅಳುಕಿಲ್ಲದೆ ನಿಜ ನುಡಿದ’ ಎಂದರೆ ಪ್ರಶಂಸೆ. ಇಂಗ್ಲಿಷಿನ ಪದವೂ ಇಂತಹದೇ ಇಬ್ಬಂದಿತನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆಳೆದು ಬಂದಿದೆ. ಅದರ ಚರಿತ್ರೆಯನ್ನು ಬಿಡಿಸಿ ನೋಡಿದರೆ ವ್ರತಧಾರಿಗಳಾದ ಗೃಹಸ್ಥರಿಗೂ ದೇವಾಲಯಗಳ ಆಡಳಿತ ಹೊತ್ತವರಿಗೂ ಅನ್ಯವಲ್ಲದ ಒಂದು ಪ್ರಶ್ನೆ ಅಲ್ಲಿ ಕಾಣಸಿಗುತ್ತದೆ. ಮನಸ್ಸಿನ ಚುಚ್ಚು ಧರ್ಮದ ಧ್ವನಿಯೇ, ಅಥವಾ ಅದೂ ಒಂದು ಬಗೆಯ ವ್ಯಾಧಿಯೇ ಎಂಬುದು ಆ ಪ್ರಶ್ನೆ.

ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ‘ಸ್ಕ್ರೂಪುಸ್’ ಎಂದರೆ ಮೊನಚಾದ ಕಲ್ಲು. ಅದರ ಕಿರಿದಾದ ರೂಪ ‘ಸ್ಕ್ರೂಪುಲುಸ್’, ಅಂದರೆ ಚಿಕ್ಕ ಹರಳು. ನಡೆಯುವವನ ಪಾದರಕ್ಷೆಯೊಳಗೆ ಸೇರಿಕೊಂಡು ಹೆಜ್ಜೆಹೆಜ್ಜೆಗೂ ಚುಚ್ಚುವ ಹರಳಿನ ಚಿತ್ರದಿಂದಲೇ ಮನಸ್ಸಿನ ಕಸಿವಿಸಿ ಎಂಬ ಅರ್ಥ ಹುಟ್ಟಿತೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಈ ಉಪಮೆಯ ಔಚಿತ್ಯ ಮೆಚ್ಚುವಂತಹದು. ದಾರಿಯಲ್ಲಿ ದೊಡ್ಡ ಬಂಡೆಯಿದ್ದರೆ ಅದು ಎಲ್ಲರಿಗೂ ಕಾಣುತ್ತದೆ. ಬಳಸಿ ಹೋಗಬಹುದು, ಹತ್ತಿ ಇಳಿಯಬಹುದು. ಹರಳಾದರೋ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ, ನಡೆಯುವವನನ್ನು ನಿಲ್ಲಿಸುವಷ್ಟು ದೊಡ್ಡದೂ ಅಲ್ಲ, ಆದರೆ ಅವನ ಜೊತೆಯಲ್ಲೇ ಬರುತ್ತದೆ. ಸಹಪಯಣಿಗನಿಗೆ ತಿಳಿಯುವುದು ಇವನು ಕುಂಟುತ್ತಿದ್ದಾನೆ ಎಂಬುದಷ್ಟೇ.

ಇದೇ ಪದಕ್ಕೆ ಎರಡನೆಯ ಅರ್ಥವೊಂದು ಅಂಗಡಿಯಲ್ಲಿ ಪ್ರಾಪ್ತವಾಯಿತು. ರೋಮನರ ತೂಕದ ಕ್ರಮದಲ್ಲಿ ಒಂದು ಪೌಂಡಿಗೆ 12 ಔನ್ಸು, ಒಂದು ಔನ್ಸಿಗೆ 24 ‘ಸ್ಕ್ರೂಪಲ್’. ಅಂದರೆ ಪೌಂಡಿನ 288ನೆಯ ಒಂದು ಪಾಲು. ಯೂರೋಪಿನ ಔಷಧ ವ್ಯಾಪಾರಿಗಳು ಈ ತೂಕವನ್ನು ಶತಮಾನಗಳ ಕಾಲ ಉಳಿಸಿಕೊಂಡರು. ಇಂಗ್ಲೆಂಡಿನ ಔಷಧದ ತಕ್ಕಡಿಯಲ್ಲಿ 20 ಗ್ರೇನು ಒಂದು ಸ್ಕ್ರೂಪಲ್, ಮೂರು ಸ್ಕ್ರೂಪಲ್ ಒಂದು ಡ್ರಾಮ್. ಇಂದಿನ ಲೆಕ್ಕದಲ್ಲಿ ಅದು ಸುಮಾರು 1.3 ಗ್ರಾಂ, ನಮ್ಮ ಅಕ್ಕಸಾಲಿಗರ ಹಳೆಯ ಅಳತೆಯಲ್ಲಿ ಹೇಳುವುದಾದರೆ ಹತ್ತು-ಹನ್ನೊಂದು ಗುಲಗಂಜಿ. ಇಷ್ಟನ್ನು ಅಂಗೈ ಮೇಲಿಟ್ಟರೆ ಭಾರ ತಿಳಿಯುವುದೇ ಕಷ್ಟ. ಅಕ್ಕಿಯ ಮೂಟೆಯಲ್ಲಿ ಇಷ್ಟು ವ್ಯತ್ಯಾಸವಾದರೆ ಕೊಂಡವನಿಗೂ ಮಾರಿದವನಿಗೂ ನಷ್ಟವಿಲ್ಲ. ಅದೇ ವೈದ್ಯನು ಅಭ್ಯಾಸವಿಲ್ಲದ ರೋಗಿಗೆ ಕೊಡುವ ಅಫೀಮಿನಲ್ಲಿ ಇಷ್ಟು ಹೆಚ್ಚಾದರೆ ಪ್ರಾಣವೇ ಹೋದೀತು. ತೂಕ ಒಂದೇ, ತಕ್ಕಡಿಯಲ್ಲಿರುವ ವಸ್ತುವಿನಿಂದ ಅದರ ಮಹತ್ತ್ವ ಬೇರೆಯಾಗುತ್ತದೆ. ಪಾದದ ಹರಳು, ತಕ್ಕಡಿಯ ಹರಳು ಎಂಬ ಈ ಎರಡು ಚಿತ್ರಗಳಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಮೊದಲನೆಯದು. ನೀತಿವಿಚಾರಕ್ಕೆ ಹೆಚ್ಚು ಉಪಕಾರಕವಾದದ್ದು ಬಹುಶಃ ಎರಡನೆಯದು.

ರೋಮಿನ ವಾಗ್ಮಿ ಸಿಸೆರೊ ಈ ಪದವನ್ನು ಬಳಸಿದ ಒಂದು ಸಂದರ್ಭವನ್ನು ಇಲ್ಲಿ ವಿವರವಾಗಿ ನೋಡಬೇಕು. ಕ್ರಿ.ಪೂ. 80ರಲ್ಲಿ, ತನ್ನ 26ನೆಯ ವಯಸ್ಸಿನಲ್ಲಿ, ಅವನು ಸೆಕ್ಸ್ಟಸ್ ರೋಸಿಯಸ್ ಎಂಬ ಗ್ರಾಮೀಣ ಗೃಹಸ್ಥನ ಪರವಾಗಿ ವಾದಿಸಿದ. ರೋಸಿಯಸನ ತಂದೆ ರೋಮಿನಲ್ಲಿ ಕೊಲೆಯಾಗಿದ್ದ. ಸರ್ವಾಧಿಕಾರಿ ಸುಲ್ಲಾ ತನ್ನ ವೈರಿಗಳ ಪಟ್ಟಿಯನ್ನು ಮುಚ್ಚಿದ ಮೇಲೆ, ಸತ್ತವನ ಹೆಸರನ್ನು ಅದರಲ್ಲಿ ಸೇರಿಸಿ ಅವನ ಆಸ್ತಿಯನ್ನು ಹರಾಜಿಗಿಡಲಾಯಿತು. 60 ಲಕ್ಷ ಸೆಸ್ಟರ್ಸ್ ಬೆಲೆಬಾಳುವ ಭೂಮಿಯನ್ನು ಸುಲ್ಲಾನ ಆಪ್ತನಾದ ಕ್ರೈಸೊಗೊನಸನು ಕೇವಲ 2000 ಸೆಸ್ಟರ್ಸಿಗೆ ಕೊಂಡ. ಸಾಲದೆಂಬಂತೆ, ತಂದೆಯನ್ನು ಕೊಂದವನು ಮಗನೇ ಎಂಬ ಆರೋಪವನ್ನೂ ಹೊರಿಸಲಾಯಿತು. ಸಿಸೆರೊ ನ್ಯಾಯಾಧೀಶರ ಮುಂದೆ ವ್ಯಂಗ್ಯವಾಗಿ ಮಂಡಿಸಿದ ವಾದ ಹೀಗಿತ್ತು: ಕ್ರೈಸೊಗೊನಸನ ಮನಸ್ಸಿನಲ್ಲಿ ಒಂದು ಹರಳು ಹಗಲಿರುಳೂ ಚುಚ್ಚುತ್ತಿದೆ, ಆಸ್ತಿಯ ನಿಜವಾದ ಒಡೆಯ ಇನ್ನೂ ಬದುಕಿದ್ದಾನೆ ಎಂಬುದೇ ಆ ಹರಳು, ನಿರಪರಾಧಿಗೆ ಶಿಕ್ಷೆ ವಿಧಿಸಿ ಅದನ್ನು ಕಿತ್ತುಕೊಡಿರೆಂದು ಅವನು ನಿಮ್ಮನ್ನು ಬೇಡುತ್ತಿದ್ದಾನೆ. ರೋಸಿಯಸನಿಗೆ ಬಿಡುಗಡೆಯಾಯಿತೆಂದು ಪ್ಲೂಟಾರ್ಕನು ಹೇಳುತ್ತಾನೆ.

ಈ ಪ್ರಸಂಗದಲ್ಲಿ ಹರಳು ಚುಚ್ಚುತ್ತಿರುವುದು ಸಜ್ಜನನಿಗಲ್ಲ, ಅಪಹಾರ ಮಾಡಿದವನಿಗೆ. ಅವನಿಗೆ ನೋವಿದೆ, ನಿದ್ದೆಯಿಲ್ಲ. ಆದರೆ ಆ ನೋವು ಪಶ್ಚಾತ್ತಾಪವಲ್ಲ. ಕದ್ದದ್ದನ್ನು ನಿಶ್ಚಿಂತೆಯಿಂದ ಅನುಭವಿಸಲಾಗದ ಅಸಮಾಧಾನ. ಅದನ್ನು ನೀಗಿಕೊಳ್ಳಲು ಅವನಿಗೆ ಎರಡು ಮಾರ್ಗಗಳಿದ್ದವು. ಭೂಮಿಯನ್ನು ಹಿಂದಕ್ಕೆ ಕೊಡುವುದು ಒಂದು, ಒಡೆಯನನ್ನು ಇಲ್ಲವಾಗಿಸುವುದು ಮತ್ತೊಂದು. ಎರಡರಿಂದಲೂ ಚುಚ್ಚು ನಿಲ್ಲುತ್ತಿತ್ತು. ಚುಚ್ಚು ಇದೆ ಎಂದ ಮಾತ್ರಕ್ಕೆ ಅಂತಃಸಾಕ್ಷಿ ಎಚ್ಚರವಾಗಿದೆ ಎಂದಾಗಲಿ, ಚುಚ್ಚು ನಿಂತಿತೆಂದ ಮಾತ್ರಕ್ಕೆ ಮನಸ್ಸು ಶುದ್ಧವಾಯಿತೆಂದಾಗಲಿ ಹೇಳಲಾಗದು. ‘ನನಗೆ ಮನಸ್ಸಿಗೆ ಸಮಾಧಾನವಿದೆ’ ಎಂಬ ಮಾತನ್ನು ಸದಾಚಾರದ ಪ್ರಮಾಣಪತ್ರದಂತೆ ಮುಂದೊಡ್ಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಸಮಾಧಾನ ಎಲ್ಲಿಂದ ಬಂತೆಂದು ಅವರನ್ನು ಕೇಳುವವರು ಕಡಿಮೆ.

15ನೆಯ ಶತಮಾನದಲ್ಲಿ ಈ ವಿಶೇಷಣ ಇಂಗ್ಲಿಷಿಗೆ ಬಂದಾಗ ಅದು ಇಂದಿನಂತೆ ಬರಿಯ ಮೆಚ್ಚುಗೆಯ ಪದವಾಗಿರಲಿಲ್ಲ. ಸಣ್ಣಸಣ್ಣ ವಿಷಯಗಳಲ್ಲಿಯೂ ಪಾಪವನ್ನು ಶಂಕಿಸಿ ಕಳವಳಗೊಳ್ಳುವವನು ಎಂಬ ಛಾಯೆ ಅದರಲ್ಲಿ ದಟ್ಟವಾಗಿತ್ತು. ಕ್ರಮೇಣ ಕಳವಳದ ಅಂಶ ಹಿಂದೆ ಸರಿದು ನಿಷ್ಕೃಷ್ಟತೆಯ ಅಂಶ ಮುಂದಾಯಿತು. 19ನೆಯ ಶತಮಾನದ ಆರಂಭದ ಹೊತ್ತಿಗೆ ಅದರ ನಿಷೇಧರೂಪವಾದ ‘ಅನ್‌ಸ್ಕ್ರೂಪ್ಯುಲಸ್’ ಹುಟ್ಟಿ, ಎಂತಹ ಕೃತ್ಯಕ್ಕೂ ಹೇಸದವನು ಎಂಬ ಅರ್ಥದಲ್ಲಿ ನೆಲೆನಿಂತಿತು. ಇಂದು ಮೂಲಪದಕ್ಕಿಂತ ಈ ನಿಷೇಧರೂಪವೇ ವೃತ್ತಪತ್ರಿಕೆಗಳಲ್ಲಿ ಹೆಚ್ಚು ಕಾಣಿಸುತ್ತದೆ. ಅದು ಭಾಷೆಯ ತಪ್ಪಲ್ಲ. ಇದರ ನೆರೆಯ ಪದವೊಂದರ ಕಥೆಯೂ ಸ್ವಾರಸ್ಯಕರ. ಅಚ್ಚುಕಟ್ಟಾದ ಕೆಲಸಗಾರನಿಗೆ ಹೇಳುವ ‘ಮೆಟಿಕ್ಯುಲಸ್’ ಎಂಬುದು ಭಯ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು, ಅದರ ಮೊದಲ ಅರ್ಥ ಅಂಜುಬುರುಕ ಎಂದು. ಎಚ್ಚರವೂ ಹೆದರಿಕೆಯೂ ಅಕ್ಕಪಕ್ಕದ ಮನೆಯವೆಂಬುದನ್ನು ಈ ಪದಗಳು ನೆನಪಿಟ್ಟುಕೊಂಡಿವೆ.

ಪದಕ್ಕೆ ಕಳವಳದ ಛಾಯೆ ಅಂಟಿದ್ದು ಕ್ರೈಸ್ತರ ಪಾಪನಿವೇದನೆಯ ಪದ್ಧತಿಯಿಂದ. ಯೇಸುಸಭೆಯ ಸ್ಥಾಪಕರಾದ ಇಗ್ನೇಷಿಯಸ್ ಲೊಯೋಲಾ ಅವರ ಅನುಭವ ಇದಕ್ಕೆ ಪ್ರಸಿದ್ಧ ನಿದರ್ಶನ. ಸ್ಪೇನಿನ ಯೋಧರಾಗಿದ್ದ ಅವರು 1521ರಲ್ಲಿ ಪಂಪ್ಲೋನದ ಕಾಳಗದಲ್ಲಿ ಕಾಲಿಗೆ ಗಾಯಗೊಂಡು, ಚೇತರಿಸಿಕೊಂಡ ಮೇಲೆ ವಿರಕ್ತರಾದರು. ಮೊನ್‌ಸೆರಾಟ್ ಆಶ್ರಮದಲ್ಲಿ ಮೂರು ದಿನಗಳ ಕಾಲ ತಮ್ಮ ಪೂರ್ವಜೀವನದ ಪಾಪಗಳನ್ನೆಲ್ಲ ಬರೆದು ನಿವೇದಿಸಿದರು. ಆದರೂ 1522ರಲ್ಲಿ ಮನ್ರೇಸ ಎಂಬ ಊರಿನಲ್ಲಿದ್ದಾಗ, ಯಾವುದೋ ಒಂದು ಪಾಪವನ್ನು ಹೇಳಲು ಮರೆತಿರಬಹುದೇ ಎಂಬ ಶಂಕೆ ಅವರನ್ನು ಹಿಡಿದುಕೊಂಡಿತು. ಮತ್ತೆ ನಿವೇದನೆ, ಮತ್ತೆ ಶಂಕೆ. ಪ್ರತಿ ನಿವೇದನೆಯೂ ಇನ್ನಷ್ಟು ಸೂಕ್ಷ್ಮವಾದ ಪಾಪವೊಂದನ್ನು ತೋರಿಸುತ್ತಿತ್ತು. ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಅದು ಅವರನ್ನು ಒಯ್ದಿತು. ಶಾಂತಿ ದೊರೆಯುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ವಾರಕಾಲ ಉಪವಾಸವಿದ್ದರು. ಗುರುವು ಆಜ್ಞಾಪಿಸಿದ್ದರಿಂದ ಉಪವಾಸ ಬಿಟ್ಟರು. ಕಡೆಗೆ, ಹಿಂದಿನ ಪಾಪಗಳನ್ನು ಇನ್ನು ಮುಂದೆ ನಿವೇದಿಸಕೂಡದೆಂದು ನಿಶ್ಚಯಿಸಿದ ಮೇಲೆಯೇ ಅವರಿಗೆ ಬಿಡುಗಡೆ.

1548ರಲ್ಲಿ ಪ್ರಕಟವಾದ ತಮ್ಮ ಸಾಧನಾಗ್ರಂಥದಲ್ಲಿ ಇಗ್ನೇಷಿಯಸರು ಈ ಕುರಿತು ಮಾಡಿರುವ ವಿವೇಚನೆ ಮನನೀಯ. ನೆಲದ ಮೇಲೆ ಎರಡು ಹುಲ್ಲುಕಡ್ಡಿಗಳು ಅಕಸ್ಮಾತ್ತಾಗಿ ಶಿಲುಬೆಯಾಕಾರದಲ್ಲಿ ಬಿದ್ದಿವೆ, ಅವನ್ನು ಒಬ್ಬನು ತುಳಿದು ಪಾಪ ಮಾಡಿದೆನೆಂದು ತೀರ್ಮಾನಿಸುತ್ತಾನೆ. ಇದು ಸರಿಯಾದ ಅರ್ಥದಲ್ಲಿ ಹರಳಲ್ಲ, ಬರಿಯ ತಪ್ಪುತಿಳಿವಳಿಕೆ, ತಿಳಿಹೇಳಿದರೆ ಹೋಗುತ್ತದೆ. ಆಮೇಲೆ ಅವನಿಗೆ ಒಂದು ಕಡೆ ಪಾಪವಾಯಿತೆಂದೂ ಇನ್ನೊಂದು ಕಡೆ ಆಗಲಿಲ್ಲವೆಂದೂ ಮನಸ್ಸು ತೂಗಾಡತೊಡಗುತ್ತದಲ್ಲ, ಅದು ನಿಜವಾದ ಹರಳು; ತಿಳಿಹೇಳುವುದರಿಂದ ಅದು ಹೋಗುವುದಿಲ್ಲ. ಅವರ ಇನ್ನೊಂದು ಮಾತಿನ ತಾತ್ಪರ್ಯವೂ ಇಲ್ಲಿ ಪ್ರಸ್ತುತ. ಒರಟು ಮನಸ್ಸಿನವನನ್ನು ಕೇಡು ಇನ್ನಷ್ಟು ಒರಟಾಗಿಸಿ ಕೆಡಿಸುತ್ತದೆ. ಮೃದು ಮನಸ್ಸಿನವನನ್ನು ಇನ್ನಷ್ಟು ಮೃದುವಾಗಿಸಿ ಕೆಡಿಸುತ್ತದೆ. ಆದುದರಿಂದ ಸಾಧಕನು ತನ್ನ ಮನಸ್ಸು ಎತ್ತ ವಾಲುತ್ತದೆಂದು ಅರಿತು ಅದಕ್ಕೆ ವಿರುದ್ಧ ದಿಕ್ಕಿಗೆ ತಿರುಗಬೇಕು. ಒಂದೇ ಉಪದೇಶ ಎಲ್ಲರಿಗೂ ಪಥ್ಯವಲ್ಲ ಎಂಬ ಈ ಅರಿವು ತಾನೇ ಬೆಂದವರಿಗೆ ಮಾತ್ರ ಬರುವಂತಹದು.

ಜೈನ ವಾಙ್ಮಯದ ಪರಿಚಯವುಳ್ಳವರಿಗೆ ಇಷ್ಟು ಹೊತ್ತಿಗೆ ‘ಶಲ್ಯ’ ಎಂಬ ಪಾರಿಭಾಷಿಕ ಪದ ನೆನಪಿಗೆ ಬಂದಿರಬೇಕು. ಅಲ್ಲಿ ಹರಳು, ಇಲ್ಲಿ ಮುಳ್ಳು. ಆದರೆ ಸಾಮ್ಯದಷ್ಟೇ ಭೇದವೂ ಮುಖ್ಯವಾದುದು. ಉಮಾಸ್ವಾತಿ ಆಚಾರ್ಯರು ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರನ್ನು ಶಲ್ಯಗಳೆಂದು ಪರಿಗಣಿಸಿ, ಶಲ್ಯರಹಿತನಾದವನೇ ವ್ರತಿ ಎಂದು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಹರಳು ಪಾದಕ್ಕೂ ಪಾದರಕ್ಷೆಗೂ ನಡುವೆ ಇರುವುದು, ಜೋಡನ್ನು ಬಿಚ್ಚಿ ಕೊಡವಿದರೆ ಹೋಗುವುದು. ಶಲ್ಯವು ಮಾಂಸದೊಳಗೆ ಮುರಿದು ನಿಂತದ್ದು. ಹರಳು ಚುಚ್ಚಿದಾಗ ನೋವು ತಿಳಿಯುತ್ತದೆ. ಶಲ್ಯದ ಮೇಲೆ ಚರ್ಮ ಬೆಳೆದು, ನೋವೇ ಇಲ್ಲದಿರುವುದೂ ಉಂಟು. ಕಪಟವನ್ನು ಅಭ್ಯಾಸವಾಗಿಸಿಕೊಂಡವನಿಗೆ, ವ್ರತದ ಬದಲಿಗೆ ಭೋಗದ ಪ್ರತಿಫಲವನ್ನು ಬಯಸುತ್ತಿರುವವನಿಗೆ ಯಾವ ಚುಚ್ಚೂ ಇರಲಾರದು. ಆದ್ದರಿಂದ ಶಲ್ಯವಿಚಾರದಲ್ಲಿ ಒತ್ತು ಬೀಳುವುದು ನೋವಿನ ಮೇಲಲ್ಲ, ಒಳಗಿರುವುದರ ಸ್ವರೂಪದ ಮೇಲೆ.

ಗುರುವಿನ ಮುಂದೆ ದೋಷವನ್ನು ತೋಡಿಕೊಳ್ಳುವುದಕ್ಕೆ ನಮ್ಮಲ್ಲಿ ‘ಆಲೋಚನೆ’ ಎಂದು ಹೆಸರು. ಇಂದಿನ ಕನ್ನಡದಲ್ಲಿ ಈ ಪದ ಬರಿಯ ಯೋಚನೆ ಎಂಬರ್ಥಕ್ಕೆ ಇಳಿದಿದೆ. ಶಿವಕೋಟಿ ಆಚಾರ್ಯರ ಭಗವತೀ ಆರಾಧನೆಯಲ್ಲಿ—ಕನ್ನಡದ ವಡ್ಡಾರಾಧನೆಯ 19 ಕಥೆಗಳಿಗೆ ಆಧಾರವಾದ ಗಾಹೆಗಳು ಅದರಲ್ಲಿವೆ—ಆಲೋಚನೆಗೆ ತಗಲಬಹುದಾದ ಹತ್ತು ದೋಷಗಳು ಉಕ್ತವಾಗಿವೆ. ಅವುಗಳಲ್ಲಿ ‘ಬಾದರ’ ಮತ್ತು ‘ಸೂಕ್ಷ್ಮ’ ಎಂಬ ಜೋಡಿಯನ್ನು ಗಮನಿಸಬೇಕು. ದೊಡ್ಡ ತಪ್ಪುಗಳನ್ನು ಹೇಳಿ ಚಿಕ್ಕವನ್ನು ಮುಚ್ಚಿಡುವುದು ಮೊದಲನೆಯದು. ಚಿಕ್ಕಚಿಕ್ಕ ತಪ್ಪುಗಳನ್ನೇ ವಿಸ್ತಾರವಾಗಿ ಹೇಳಿ ದೊಡ್ಡದನ್ನು ಮರೆಮಾಚುವುದು ಎರಡನೆಯದು. ಇಷ್ಟು ಸಣ್ಣದನ್ನೂ ಬಿಡದೆ ಹೇಳುವವನು ದೊಡ್ಡದನ್ನು ಮುಚ್ಚಿಟ್ಟಾನೆಯೇ ಎಂದು ಗುರುವು ಭಾವಿಸಲಿ ಎಂಬ ಹಂಚಿಕೆ ಅದು. ಹರಳುಗಳ ಪ್ರದರ್ಶನದ ಹಿಂದೆ ಬಂಡೆಯನ್ನು ಅಡಗಿಸುವ ಈ ಚಾತುರ್ಯವನ್ನು ಅಷ್ಟು ಹಿಂದೆಯೇ ಗುರುತಿಸಿ ಹೆಸರಿಟ್ಟಿರುವುದು ಆಚಾರ್ಯರ ಮನೋಜ್ಞಾನಕ್ಕೆ ಸಾಕ್ಷಿ. ನೀರನ್ನು ಮೂರು ಮಡಿಕೆಯ ಬಟ್ಟೆಯಲ್ಲಿ ಸೋಸುವ ಕೈಯೇ ತಕ್ಕಡಿಯ ದಂಡಿಯನ್ನು ಬೆರಳಿನಿಂದ ಒತ್ತುವುದಾದರೆ ಅದು ಯಾವ ದೋಷವೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಅಳತೆ-ತೂಕಗಳ ಹೆಚ್ಚುಕಡಿಮೆಯೂ ಕಲಬೆರಕೆಯೂ ಸೇರಿವೆ. ಸ್ಕ್ರೂಪಲ್ ಎಂಬುದು ಅಂಗಡಿಯ ತೂಕವೂ ಆಗಿತ್ತೆಂಬುದನ್ನು ಇಲ್ಲಿ ಮತ್ತೊಮ್ಮೆ ನೆನೆಯಬಹುದು.

ಇನ್ನೊಂದು ತುದಿಯ ಸಂಗತಿ ಇದಕ್ಕಿಂತ ಕರುಣಾಜನಕ. ಒಂದು ಮನೆಯಲ್ಲಿ ವ್ರತನಿಷ್ಠೆಯುಳ್ಳ ತಾಯಿಯೊಬ್ಬಳು ಇದ್ದಾಳೆಂದು ಭಾವಿಸೋಣ. ಮೊದಲು ಒಮ್ಮೆ ಸೋಸುತ್ತಿದ್ದ ನೀರನ್ನು ಈಗ ಐದು ಬಾರಿ ಸೋಸುತ್ತಾಳೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿದಿದ್ದರೂ ಒಂದು ಅಗುಳು ಹಲ್ಲಿನ ಸಂದಿನಲ್ಲಿ ಉಳಿದಿತ್ತೇ ಎಂದು ರಾತ್ರಿಯೆಲ್ಲ ಕೊರಗುತ್ತಾಳೆ. ಪ್ರತಿಕ್ರಮಣದ ಒಂದು ಪಾಠ ತಪ್ಪಿತೆಂದು ಮತ್ತೆ ಮೊದಲಿನಿಂದ ತೊಡಗುತ್ತಾಳೆ, ಮತ್ತೆ ತಪ್ಪಿತೆನಿಸುತ್ತದೆ. ಬಂಧುಗಳು ಆಕೆಯ ಧರ್ಮಶ್ರದ್ಧೆಯನ್ನು ಕೊಂಡಾಡುತ್ತಾರೆ. ಮಕ್ಕಳು ಮರೆಯಲ್ಲಿ ನಗುತ್ತಾರೆ. ಆಕೆಯ ನೋವನ್ನು ಇಬ್ಬರೂ ಕಾಣುವುದಿಲ್ಲ. ವೈದ್ಯರು ಇದನ್ನು ಗೀಳುರೋಗದ ಒಂದು ಬಗೆಯೆಂದು ಗುರುತಿಸುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಇದೇ ಹರಳಿನ ಪದದಿಂದ ಹುಟ್ಟಿದ ‘ಸ್ಕ್ರೂಪ್ಯುಲಾಸಿಟಿ’ ಎಂಬ ಹೆಸರಿದೆ. ಇದಕ್ಕೆ ಚಿಕಿತ್ಸೆಯಿದೆ. ಔಷಧದ ಜೊತೆಗೆ, ಶಂಕೆ ಹುಟ್ಟಿದರೂ ಕ್ರಿಯೆಯನ್ನು ಪುನರಾವರ್ತಿಸದೆ ತಡೆದುಕೊಳ್ಳುವ ಅಭ್ಯಾಸವನ್ನು ಮಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಗೀಳುರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. ಮನ್ರೇಸದಲ್ಲಿ ಇಗ್ನೇಷಿಯಸರು ಕೈಗೊಂಡ ನಿಶ್ಚಯವೂ ಮೂಲತಃ ಇದೇ ಉಪಾಯವಾಗಿತ್ತೆಂಬುದು ಕುತೂಹಲಕರ. ಇಂತಹ ರೋಗಿಗೆ ಇನ್ನಷ್ಟು ವ್ರತಗಳನ್ನು ಸೂಚಿಸುವುದು ಉರಿಯುವ ಗಾಯಕ್ಕೆ ಉಪ್ಪು ಸವರಿದಂತೆ.

ಚಿಕಿತ್ಸೆಯನ್ನು ಪಡೆಯುವುದರಿಂದ ಧರ್ಮಕ್ಕೆ ಲೋಪವಾದೀತೆಂಬ ಅಂಜಿಕೆಗೂ ಶಾಸ್ತ್ರದಲ್ಲಿ ಆಧಾರವಿಲ್ಲ. ಹಿಂಸೆಯ ಲಕ್ಷಣವನ್ನು ಹೇಳುವಲ್ಲಿ ಉಮಾಸ್ವಾತಿಗಳು ಪ್ರಮಾದದ ಸಂಬಂಧವನ್ನು ಮುಂದಿಟ್ಟಿದ್ದಾರೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ಬೆಳೆಸಿ, ಯತ್ನದಿಂದ ನಡೆಯುವವನು ರಾಗಾದಿಗಳ ಆವೇಶಕ್ಕೆ ಒಳಗಾಗದಿದ್ದರೆ, ಜೀವವೊಂದು ಅಳಿದರೂ ಅವನಿಗೆ ಹಿಂಸಾದೋಷವಿಲ್ಲವೆಂದೂ, ಪ್ರಮಾದವಶನಾದವನಿಗೆ ಜೀವವು ಅಳಿಯಲಿ ಉಳಿಯಲಿ ದೋಷ ತಪ್ಪದೆಂದೂ ಸ್ಪಷ್ಟಪಡಿಸಿದ್ದಾರೆ. ಈ ನಿರ್ಣಯದ ಉತ್ತರಾರ್ಧವನ್ನು ಪ್ರವಚನಗಳಲ್ಲಿ ಒತ್ತಿ ಹೇಳುವುದುಂಟು; ಪೂರ್ವಾರ್ಧದಲ್ಲಿರುವ ಅಭಯವನ್ನು ಅಷ್ಟಾಗಿ ಹೇಳುವುದಿಲ್ಲ. ತಕ್ಕ ಎಚ್ಚರವನ್ನು ವಹಿಸಿ ನೀರು ಸೋಸಿದ ಮೇಲೆ ಆ ಕರ್ತವ್ಯ ಮುಗಿಯಿತು. ಪ್ರತಿಕ್ರಮಣಕ್ಕೂ ದೈವಸಿಕ, ರಾತ್ರಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಎಂದು ಕಾಲ ಗೊತ್ತುಮಾಡಿದೆ. ಕಾಲ ಗೊತ್ತುಮಾಡಿದ್ದಕ್ಕೆ ತೊಡಗುವುದು ಇರುವಂತೆ ಮುಗಿಯುವುದೂ ಇದೆ. ಅದು ಗಳಿಗೆಗಳಿಗೆಗೂ ನಡೆಯುವ ಆತ್ಮದಂಡನೆಯಲ್ಲ.

ಹಾಗಾದರೆ ಸಣ್ಣದನ್ನೆಲ್ಲ ಉಪೇಕ್ಷಿಸಬಹುದೇ? ಇಲ್ಲಿ ಔಷಧದ ತಕ್ಕಡಿ ನೆರವಿಗೆ ಬರುತ್ತದೆ. ಬಸದಿಯ ವಾರ್ಷಿಕ ಲೆಕ್ಕದಲ್ಲಿ ಹತ್ತು ರೂಪಾಯಿಯ ವ್ಯತ್ಯಾಸ ಕಂಡುಬಂತೆಂದು ಇಟ್ಟುಕೊಳ್ಳೋಣ. ಹುಂಡಿಯ ನಾಣ್ಯಗಳನ್ನು ಎಣಿಸುವಾಗ ಆದ ಕೈತಪ್ಪಾದರೆ ಅದನ್ನು ವ್ಯತ್ಯಾಸವೆಂದು ಬರೆದು ಮುಂದೆ ಸಾಗುವುದೇ ವಿವೇಕ. ಅದಕ್ಕಾಗಿ ಕೋಶಾಧಿಕಾರಿ ವಾರಗಟ್ಟಲೆ ನಿದ್ದೆಗೆಡಬೇಕಾಗಿಲ್ಲ. ಅದೇ ಹತ್ತು ರೂಪಾಯಿಯನ್ನು ಚಿಲ್ಲರೆಯಿಲ್ಲವೆಂದು ಹುಂಡಿಯಿಂದ ತೆಗೆದು ಸ್ವಂತ ಆಟೋರಿಕ್ಷಾಕ್ಕೆ ಕೊಟ್ಟು ಮರೆತಿದ್ದರೆ, ಮೊತ್ತ ಒಂದೇ ಆದರೂ ವಸ್ತು ಬೇರೆ. ಒಂದು ಅಕ್ಕಿಯ ಮೂಟೆ, ಇನ್ನೊಂದು ಅಫೀಮು. ಲೆಕ್ಕಪರಿಶೋಧನೆಯ ಶಾಸ್ತ್ರವೂ ಈ ವಿವೇಚನೆಯನ್ನು ಬಲ್ಲುದು: ಗಣನೀಯವಲ್ಲದ ವ್ಯತ್ಯಾಸವನ್ನು ಅದು ಬಿಡುತ್ತದೆ, ಆದರೆ ಅಧಿಕಾರದಲ್ಲಿರುವವನ ಸ್ವಾರ್ಥ ತಗಲಿದ ಮೊತ್ತವನ್ನು ಸಣ್ಣದೆಂಬ ಕಾರಣಕ್ಕೆ ಬಿಡುವುದಿಲ್ಲ. ದೇವದ್ರವ್ಯದ ವಿಷಯದಲ್ಲಿ ಹಿರಿಯರು ಅಷ್ಟು ಕಟ್ಟುನಿಟ್ಟಾಗಿದ್ದುದು ಮೊತ್ತವನ್ನು ನೋಡಿಯಲ್ಲ.

ಇಂಗ್ಲಿಷಿನ ಮಹಾಕೋಶವನ್ನು 1755ರಲ್ಲಿ ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಈ ಪದದ ಎರಡು ಮುಖಗಳನ್ನೂ ತನ್ನ ಬಾಳಿನಲ್ಲೇ ಕಂಡವನು. ಅವನ ಮರಣಾನಂತರ 1785ರಲ್ಲಿ ಅಚ್ಚಾದ ಖಾಸಗಿ ಪ್ರಾರ್ಥನೆಗಳಲ್ಲಿ, ವ್ಯರ್ಥ ಶಂಕೆಗಳ ಹರಳುಗಳಿಂದ ತನ್ನನ್ನು ಪಾರುಮಾಡೆಂಬ ಬೇಡಿಕೆ ಮತ್ತೆಮತ್ತೆ ಬರುತ್ತದೆ. ಹೊತ್ತಿಗೆ ಏಳಲಿಲ್ಲ, ಓದಬೇಕಾದದ್ದನ್ನು ಓದಲಿಲ್ಲ ಎಂಬಂತಹ ಸಣ್ಣ ಸಂಗತಿಗಳಿಗೂ ಅವನು ತನ್ನನ್ನು ಹಳಿದುಕೊಳ್ಳುತ್ತಿದ್ದ. ಅವುಗಳ ನಡುವೆ ನಿಜವಾದದ್ದೂ ಒಂದಿತ್ತು. ಅವನ ತಂದೆ ಲಿಚ್‌ಫೀಲ್ಡಿನ ಪುಸ್ತಕವ್ಯಾಪಾರಿ. ಸಂತೆಯ ದಿನ ಅಟಾಕ್ಸಿಟರ್ ಎಂಬ ಊರಿನಲ್ಲಿ ಅಂಗಡಿ ಹಾಕುತ್ತಿದ್ದ. ಒಂದು ದಿನ ತಂದೆ ಕರೆದಾಗ ಮಗ ಹೆಮ್ಮೆಯಿಂದ ಹೋಗಲೊಪ್ಪಲಿಲ್ಲ. 1731ರಲ್ಲಿ ತಂದೆ ತೀರಿಕೊಂಡ. ದಶಕಗಳು ಕಳೆದ ಬಳಿಕ, ನಾಡೆಲ್ಲ ಹೆಸರಾಗಿದ್ದ ಜಾನ್ಸನ್ ಆ ಊರಿಗೆ ಹೋಗಿ, ಮಳೆ ಸುರಿಯುತ್ತಿರುವಾಗ, ತಂದೆಯ ಅಂಗಡಿಯಿದ್ದ ಜಾಗದಲ್ಲಿ ಬರಿದಲೆಯಲ್ಲಿ ಬಹಳ ಹೊತ್ತು ನಿಂತ. 1784ರಲ್ಲಿ, ತನ್ನ ಕೊನೆಯ ವರ್ಷ, ಒಬ್ಬ ಕಿರಿಯ ಪಾದ್ರಿಗೆ ಅವನು ಇದನ್ನು ಹೇಳಿದ. ಆ ಊರಿನ ಪೇಟೆಯಲ್ಲಿ ಈಗಲೂ ಅವನ ಸ್ಮಾರಕವಿದೆ. ಅದರ ಕಲ್ಲಿನಲ್ಲಿ ಕೊರೆದಿರುವುದು ಕೋಶವನ್ನು ರಚಿಸುತ್ತಿರುವ ವಿದ್ವಾಂಸನನ್ನಲ್ಲ, ತಲೆತಗ್ಗಿಸಿ ನಿಂತ ಮಗನನ್ನು.